ಕಾರ್ಡ್ ಐತಿ, ಕಾಳಿಲ್ಲ: ಊರಾಗ ಯಾರ ಮನ್ಯಾಗ ಊಟದ ಕೊರತೆ ಐತಿ ಅಂತ ಗುರುತಿಸೂದು ಹ್ಯಾಂಗ?

ಪಡಿಚೀಟಿ ಬಳಗ, ಇಂಡಿ

ನಮಸ್ಕಾರ ಎಲ್ಲರಿಗೂ. ಇಂಡಿ ತಾಲೂಕಿನ ಒಂದು ಗ್ರಾಮ ಪಂಚಾಯಿತಿಯ ಎರಡು ಹಳ್ಳಿ ಮತ್ತು ಒಂದು ತಾಂಡಾದಲ್ಲಿ ಊಟಕ್ಕೆ ಕೊರತೆ ಇರುವ ಮನೆಗಳ ಪಟ್ಟಿ ಮಾಡುವ ಕೆಲಸ ಶುರುವಾಗಿದೆ. ದೀಪಾವಳಿ ಹೊತ್ತಿಗೆ ಅರ್ಧ ತಾಂಡಾ ಕಬ್ಬು ಕಡಿಯಲು ಗುಳೆ ಹೋಗುವುದರಿಂದ ಅದಕ್ಕೂ ಮೊದಲೇ ಮುಗಿಸಬೇಕು. ಬಿಪಿಎಲ್ ಪಟ್ಟಿಯನ್ನೇ ನಕಲು ಮಾಡಿಕೊಂಡರೆ ಸಾಕು ಎಂದು ಕೆಲವರ ಅಭಿಪ್ರಾಯ. ನಮಗೆ ಅದು ಸರಿ ಎನಿಸುತ್ತಿಲ್ಲ, ಕಾರ್ಡ್ ಇರುವ ಮನೆಗಳಲ್ಲೇ ಒಂದು ಹೊತ್ತಿನ ಊಟ ಬಿಡುವವರಿದ್ದಾರೆ.

ಕೇಳಬೇಕಾದದ್ದು ಇಷ್ಟು. ಮನೆಯಲ್ಲಿ ಊಟದ ಕೊರತೆ ಇದೆ ಎಂದು ತಿಳಿಯಲು ಯಾವ ಪ್ರಶ್ನೆ ಹಾಕಬೇಕು? ರೇಷನ್ ಪಟ್ಟಿಯಿಂದ ಯಾರು, ಯಾವ ಹಂತದಲ್ಲಿ ಬಿಟ್ಟುಹೋಗುತ್ತಾರೆ? ಗುಳೆ ಹೋದವರಿಗೆ ಅಲ್ಲಿ ಕಾಳು ಸಿಗುವಂತೆ ಏನು ಮಾಡಬಹುದು? ಈ ಕೆಲಸ ಬಲ್ಲವರು ತಮ್ಮ ಬಳಕೆಯ ಹೆಸರು ಮೇಲೆ ಹಾಕಿ ವಿವರವಾಗಿ ಬರೆಯಿರಿ.

ಹಿಂಗಾರಿ ಜೋಳ

ಮೊದಲು ಲೆಕ್ಕ ನೋಡೋಣ. ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆ, 2013ರ ಪ್ರಕಾರ ಆದ್ಯತಾ (ಬಿಪಿಎಲ್ ಕಾರ್ಡಿನ) ಕುಟುಂಬದ ಪ್ರತಿ ಸದಸ್ಯರಿಗೆ ತಿಂಗಳಿಗೆ 5 ಕೆ.ಜಿ. ಧಾನ್ಯ. ಕಡುಬಡವರ ಅಂತ್ಯೋದಯ ಕಾರ್ಡಿದ್ದರೆ ಮನೆಗೆ 35 ಕೆ.ಜಿ. ಅನ್ನಭಾಗ್ಯದಲ್ಲಿ ರಾಜ್ಯ ಇನ್ನೂ 5 ಕೆ.ಜಿ. ಸೇರಿಸಿತು. 2023ರ ಜುಲೈನಿಂದ ಅದಕ್ಕೆ ಬದಲಾಗಿ ಕೆ.ಜಿ.ಗೆ 34 ರೂಪಾಯಿಯಂತೆ ತಲೆಗೆ 170 ರೂಪಾಯಿ ಖಾತೆಗೆ ಬರುತ್ತಿತ್ತು. 2025ರ ಫೆಬ್ರುವರಿಯಿಂದ ಹಣ ನಿಂತು ಅಕ್ಕಿಯೇ ಬಂತು.

ತಲೆಗೆ ಪೂರ್ತಿ 10 ಕೆ.ಜಿ. ಕೈಸೇರಿತು ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ 333 ಗ್ರಾಂ ಅಕ್ಕಿ, ಅಂದರೆ ಸುಮಾರು 1,190 ಕ್ಯಾಲೊರಿ, 26 ಗ್ರಾಂ ಪ್ರೋಟೀನ್. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಲೆಕ್ಕದಲ್ಲಿ ಭಾರೀ ಮೈಗೆಲಸ ಮಾಡುವ ಗಂಡಸಿಗೆ ದಿನಕ್ಕೆ 3,470, ಹೆಂಗಸಿಗೆ 2,720 ಕ್ಯಾಲೊರಿ ಬೇಕು. ಕಬ್ಬು ಕಡಿಯುವುದು, ಕಲ್ಲು ಒಡೆಯುವುದು, ಇಟ್ಟಿಗೆ ಭಟ್ಟಿ ಎಲ್ಲ ಭಾರೀ ಕೆಲಸವೇ. ರೇಷನ್ ಅಕ್ಕಿ ಗಂಡಸಿನ ಅಗತ್ಯದ ಮೂರನೇ ಒಂದು ಪಾಲನ್ನು ಮಾತ್ರ ತುಂಬುತ್ತದೆ. ಉಳಿದದ್ದು ಕೂಲಿ ದುಡ್ಡಿನಿಂದ ಬರಬೇಕು. ಕೂಲಿ ನಿಂತ ವಾರವೇ ಕೊರತೆ ಶುರು.

ಆದ್ದರಿಂದ "ಕಾರ್ಡ್ ಇದೆಯಾ" ಎಂದು ಕೇಳಿದರೆ ಸಾಲದು. "ಯಾವ ತಿಂಗಳು ಕೆಲಸ ಇರಲಿಲ್ಲ" ಎಂದೂ ಕೇಳಲೇಬೇಕು. ವಿಜಯಪುರದ ಎರೆ ಭೂಮಿಯಲ್ಲಿ ಬಿಳಿಜೋಳ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಬಿತ್ತನೆ, ಫೆಬ್ರುವರಿ–ಮಾರ್ಚಿನಲ್ಲಿ ರಾಶಿ. ರಾಶಿ ಮುಗಿದ ಮೇಲೆ ಒಂದೆರಡು ತಿಂಗಳು ಕೂಲಿಕಾರರ ಮನೆಯಲ್ಲೂ ಕಾಳು ಇರುತ್ತದೆ, ಜೂನ್ ಹೊತ್ತಿಗೆ ಚೀಲ ಬರಿದು. ಮುಂಗಾರು ತಡವಾದ ವರ್ಷ ಜುಲೈ, ಆಗಸ್ಟ್ ಬಹಳ ಕಷ್ಟದ ತಿಂಗಳು. ಏಪ್ರಿಲಿನಲ್ಲಿ ಸಮೀಕ್ಷೆ ಮಾಡಿದವರಿಗೆ ಊರೆಲ್ಲ ಚೆನ್ನಾಗಿಯೇ ಕಾಣುತ್ತದೆ.

ತಕ್ಕಡಿ

ರೇಷನ್ ಅಂಗಡಿ ಕಡಿಂದ ನೋಡಿದ್ರ ಯಾರು ಬಿಟ್ಟುಹೋಗ್ತಾರ ಅನ್ನೂದು ಹೇಳ್ತೀನ್ರಿ. ಕಾರ್ಡೇ ಇಲ್ಲದವರು ಒಂದು ಕಡೆ. ಅವರಿಗಿಂತ ಹೆಚ್ಚು ಮಂದಿ ಕಾರ್ಡ್ ಇದ್ದು ಹೆಸರು ಇಲ್ಲದವರು.

ಮದುವಿ ಆಗಿ ಬಂದ ಸೊಸಿ. ತವರುಮನಿ ಕಾರ್ಡಿನಾಗ ಹೆಸರು ತೆಗಿಸದ ಗಂಡನ ಮನಿ ಕಾರ್ಡಿಗೆ ಸೇರಂಗಿಲ್ಲ. ತವರು ಜತ್ತ ಅಥವಾ ಸೊಲ್ಲಾಪುರ ಕಡೆ ಇದ್ರಂತೂ ಮಹಾರಾಷ್ಟ್ರದ ಕಾರ್ಡಿನಾಗ ತೆಗಿಸಿ, ಆ ಕಾಗದ ತಂದು, ಇಲ್ಲಿ ಸೇರಿಸಬೇಕು. ಅಷ್ಟೊತ್ತಿಗೆ ಆಕಿ ಬಸುರಿ ಆಗಿರ್ತಾಳ, ಬಾಣಂತನನೂ ಮುಗಿದಿರತೈತಿ. ಊಟ ಚಲೋ ಬೇಕಾದ ಹೊತ್ತಿನ್ಯಾಗ ಆಕಿ ಪಾಲಿನ ಕಾಳು ಎರಡೂ ಕಡೆ ಇಲ್ಲ.

ಹುಟ್ಟಿದ ಕೂಸು. ಜನನ ಪ್ರಮಾಣಪತ್ರ ತಂದು ಹೆಸರು ಸೇರಿಸೂತನಕ ಪಾಲು ಇಲ್ಲ. ತಿದ್ದುಪಡಿ ಅರ್ಜಿ ಯಾವಾಗಲೂ ತೆರೆದಿರಂಗಿಲ್ಲ, ತೆರೆದ ದಿನ ಸರ್ವರ್ ನಡಿಯಂಗಿಲ್ಲ. ಗ್ರಾಮ ಒನ್‌ದಾಗ ಒಂದು ದಿನದ ಕೂಲಿ ಬಿಟ್ಟು ಕುಂತು ಬರಿಗೈಲೆ ಹೋಗೂ ಹೆಣಮಕ್ಕಳು ಭಾಳ.

ಬ್ಯಾರೆ ಒಲಿ ಹೂಡಿದ ಮುದುಕ-ಮುದುಕಿ. ಕಾರ್ಡ್ ಮಗನ ಕಡೆ, ಮಗ ಪುಣೆದಾಗ. ಹಿಂಗಿದ್ದಾಗ ಪಟ್ಟಿಯೊಳಗ ಹೆಸರು ಇರತೈತಿ, ಕಾಳು ಮಾತ್ರ ಅವರ ಗಡಿಗಿಗೆ ಬರಂಗಿಲ್ಲ. ಗಂಡ ಬಿಟ್ಟ ಹೆಣಮಕ್ಕಳದೂ ಇದೇ ಪಾಡು, ಹೆಸರು ಮಾವನ ಕಾರ್ಡಿನಾಗ. ಮಾಜಿ ದೇವದಾಸಿ ತಾಯಂದಿರ ಮನಿಗೆ ಹೋದಾಗ ಇದನ್ನ ತಪ್ಪದ ಕೇಳ್ರಿ, ಎಷ್ಟೋ ಕಡೆ ಅವರು ಅಣ್ಣ-ತಮ್ಮಂದಿರ ಕಾರ್ಡಿನಾಗ ಇರ್ತಾರ.

ಇನ್ನ ಇ-ಕೆವೈಸಿ, ಅಂದ್ರ ಆಧಾರ್ ಬೆರಳಚ್ಚಿನಿಂದ ಗುರುತು ಖಾತ್ರಿ ಮಾಡೂದು. ಕಾರ್ಡಿನಾಗಿನ ಪ್ರತಿಯೊಬ್ಬರದೂ ಆಗಬೇಕು, ಆಗದವರ ಪಾಲು ನಿಲ್ಲತೈತಿ. ಐದು ವರ್ಷದೊಳಗಿನ ಕೂಸಿಗಿ ಹೆಬ್ಬೆಟ್ಟು ಇಲ್ಲ, ಹಂಗಾಗಿ ಅವಕ್ಕ ಬೇಡ. ಐದು ತುಂಬಿದ ಮ್ಯಾಲ ಮತ್ತ ಹದಿನೈದಕ್ಕ ಆಧಾರ್ ಕೇಂದ್ರದಾಗ ಬೆರಳಚ್ಚು ಹೊಸದಾಗಿ ಕೊಡಬೇಕು. ಅದು ಮಾಡಿಸಿರಲಿಲ್ಲಂದ್ರ ಸಾಲಿ ಹುಡುಗರ ಕೆವೈಸಿ ಅಲ್ಲೇ ಸಿಕ್ಕೊಳ್ತೈತಿ. ಕೆವೈಸಿಗಂತ ಊರಿಗೇ ಬರಬೇಕು ಅಂತಿಲ್ಲ, ದೇಶದಾಗ ಯಾವುದೇ ನ್ಯಾಯಬೆಲೆ ಅಂಗಡ್ಯಾಗ ಮಾಡಿಸಬಹುದು. ಇದು ಗುಳೆ ಹೋದವರಿಗಿ ಗೊತ್ತಿಲ್ಲ.

ಹೆಬ್ಬೆಟ್ಟು ಬರದಿದ್ರ: ಕಬ್ಬು ಕಡಿದು, ಸುಣ್ಣ-ಸಿಮೆಂಟ್ ಮುಟ್ಟಿ ಬೆರಳಿನ ಗೆರಿ ಸವದಿರತಾವ. ಕೈ ತೊಳದು ಪೂರ್ತಿ ಒಣಗಿಸಿ ಹತ್ತೂ ಬೆರಳು ನೋಡಬೇಕು, ಹೆಬ್ಬೆಟ್ಟೇ ಆಗಬೇಕು ಅಂತಿಲ್ಲ. ಬರಲಿಲ್ಲಂದ್ರ ಅದೇ ಕಾರ್ಡಿನ ಇನ್ನೊಬ್ಬರು. ಅದೂ ಆಗದಿದ್ರ ಕಣ್ಣಿನ ಗುರುತು ಇಲ್ಲಾ ಮೊಬೈಲ್ ಒಟಿಪಿ. ಕಡೀಕ ಆಹಾರ ನಿರೀಕ್ಷಕರಿಂದ ವಿನಾಯಿತಿ ಬರಸಬೇಕು. ಒಬ್ಬಾಕೆ ಮುದುಕಿ ಇರೂ ಅಂತ್ಯೋದಯ ಕಾರ್ಡಿಗೆ ಈ ವಿನಾಯಿತಿ ಮೊದಲೇ ಮಾಡಿಸಿ ಇಡ್ರಿ, ತಿಂಗಳ ಕಡೀ ದಿನ ಓಡಾಡಿದ್ರ ಆಗೂದಿಲ್ಲ.

ಲೆಕ್ಕದ ಪುಸ್ತಕ

ಪ್ರಶ್ನೆಗಳ ಬಗ್ಗೆ ಬರೆಯುವೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಎಂಟು ಪ್ರಶ್ನೆಗಳ ಒಂದು ಅಳತೆ ರೂಪಿಸಿದೆ. ಆದಾಯ, ಆಸ್ತಿ ಏನನ್ನೂ ಕೇಳುವುದಿಲ್ಲ, ಊಟದ ಅನುಭವವನ್ನಷ್ಟೇ ಕೇಳುತ್ತದೆ. ನಮ್ಮ ಕಡೆ ಮಾತಿನಲ್ಲಿ ಹೀಗೆ ಕೇಳಬಹುದು. ಪ್ರತಿ ಪ್ರಶ್ನೆಯ ಮೊದಲಿಗೂ "ಹ್ವಾದ ಹನ್ನೆರಡು ತಿಂಗಳಾಗ, ಕೈಯಾಗ ರೊಕ್ಕ ಇಲ್ಲದ್ದಕ್ಕ" ಎಂದು ಸೇರಿಸಿಕೊಳ್ಳಿ:

ಊಟಕ್ಕ ಸಾಲೂದಿಲ್ಲೋ ಏನೋ ಅಂತ ಚಿಂತಿ ಆಗಿತ್ತೇನ್ರಿ?
ಮೈಗೆ ಕಸುವು ಕೊಡೂವಂಥ ಊಟ ಮಾಡಾಕ ಆಗದಂಗ ಆಗಿತ್ತೇನ್ರಿ?
ದಿನಾ ಅದದೇ ಉಣ್ಣೂದಾತೇನ್ರಿ, ಬರೇ ರೊಟ್ಟಿ-ಖಾರ, ಬರೇ ಅನ್ನ-ಉಪ್ಪು ಅನ್ನೂಹಂಗ?
ಒಂದು ಹೊತ್ತಿನ ಊಟ ಬಿಟ್ಟದ್ದೈತೇನ್ರಿ?
ಹೊಟ್ಟಿಗೆ ಬೇಕಾದ್ದಕ್ಕಿಂತ ಕಡಿಮಿ ಉಂಡದ್ದೈತೇನ್ರಿ?
ಮನ್ಯಾಗ ಕಾಳು-ಕಡಿ ಪೂರ್ತಿ ತೀರಿದ್ದೈತೇನ್ರಿ?
ಹಸಿವಿ ಆದ್ರೂ ಉಣ್ಣದ ಇದ್ದದ್ದೈತೇನ್ರಿ?
ಇಡೀ ಒಂದು ದಿನ ಏನೂ ಉಣ್ಣದ ಕಳದದ್ದೈತೇನ್ರಿ?

ರೊಕ್ಕದ ಮಾತು ಬಿಟ್ಟು ಕೇಳಿದರೆ ಉತ್ತರ ಕೆಡುತ್ತದೆ. ಶ್ರಾವಣ ಸೋಮವಾರ, ಏಕಾದಶಿ, ರೋಜಾ ಎಲ್ಲವೂ "ಹೌದು, ಉಪವಾಸ ಇದ್ವಿ" ಎಂದು ಬಂದುಬಿಡುತ್ತವೆ. "ಉಪವಾಸ" ಎಂಬ ಪದವನ್ನೇ ಬಳಸಬೇಡಿ. ಕೊನೆಯ ಎರಡು ಪ್ರಶ್ನೆಗೆ ಹೌದೆಂದರೆ ತಡಮಾಡದೆ ಆ ಮನೆಗೆ ಮತ್ತೆ ಹೋಗಿ. ನಾಲ್ಕರಿಂದ ಆರನೇ ಪ್ರಶ್ನೆಯವರೆಗೆ ಹೌದೆಂದರೆ ಮಧ್ಯಮ ಕೊರತೆ. ಮೊದಲ ಮೂರಕ್ಕಷ್ಟೇ ಹೌದೆಂದ ಮನೆಯನ್ನೂ ಕೈಬಿಡಬೇಡಿ, ಮಳೆ ಕೈಕೊಟ್ಟರೆ ಅಂಥ ಮನೆಗಳೇ ಕೆಳಗಿಳಿಯುತ್ತವೆ. ಜಿಲ್ಲೆ, ರಾಜ್ಯಗಳ ಹೋಲಿಕೆಗೆ ಇದೇ ಉತ್ತರಗಳನ್ನು ಸಂಖ್ಯಾಶಾಸ್ತ್ರದ ಬೇರೆ ವಿಧಾನದಲ್ಲಿ ತೂಗುತ್ತಾರೆ, ಒಂದು ಪಂಚಾಯಿತಿಯ ಕೆಲಸಕ್ಕೆ ಯಾವ ಪ್ರಶ್ನೆಯವರೆಗೆ ಹೌದು ಬಂತು ಎಂದು ನೋಡಿದರೆ ಸಾಕು.

ಅಡುಗೆ ಮಾಡುವ ಹೆಣ್ಣುಮಗಳನ್ನೇ ಕೇಳಬೇಕು, ಆಕೆ ಒಬ್ಬಳೇ ಇದ್ದಾಗ. ಮನೆಯ ಯಜಮಾನ ಎದುರಿಗಿದ್ದರೆ ಎಂಟಕ್ಕೂ "ಇಲ್ಲ" ಎಂದೇ ಉತ್ತರ. ಪಂಚಾಯಿತಿ ಸದಸ್ಯರು, ರೇಷನ್ ಅಂಗಡಿಯವರು ಜೊತೆಗೆ ಬಂದರೆ ಇನ್ನೂ ಕಷ್ಟ, ಒಬ್ಬರ ಎದುರು ಹೌದೆಂದರೆ ಏನಾದರೂ ಸಿಕ್ಕೀತು ಎಂಬ ಆಸೆ, ಇನ್ನೊಬ್ಬರ ಎದುರು ಕಾರ್ಡ್ ಹೋದೀತು ಎಂಬ ಹೆದರಿಕೆ. ಸಾಧ್ಯವಾದರೆ ಮನೆಗೆ ಒಂದೇ ಉತ್ತರ ಬರೆದುಕೊಳ್ಳುವುದರ ಬದಲು "ನೀವು?" ಎಂದು ಆಕೆಯನ್ನೇ ಬೇರೆಯಾಗಿ ಕೇಳಿ. ಎಲ್ಲರಿಗೂ ಬಡಿಸಿ ಉಳಿದದ್ದನ್ನು ತಾನು ಉಣ್ಣುವ ಪದ್ಧತಿ ಇರುವ ಮನೆಯಲ್ಲಿ ಕೊರತೆ ಮೊದಲು ಬೀಳುವುದು ಆಕೆಯ ತಾಟಿನ ಮೇಲೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4 ವಯಸ್ಸಿಗೆ ತಕ್ಕ ಎತ್ತರ ಇಲ್ಲದವರು.

ಮಲಪ್ರಭಾ ದಂಡಿ

ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ರೇಷನ್ ಅಕ್ಕಿ ಮಾರೂ ಮಂದಿ ಪ್ರತಿ ಊರಾಗೂ ಅದಾರ. ಗಾಡಿ ತಗೊಂಡು ಓಣಿ ಓಣಿ ತಿರಗಿ ಕೊಳ್ಳೋರೂ ಅದಾರ. ಹಂಗಿದ್ದ ಮ್ಯಾಲ ಕೊರತೆ ಐತಿ ಅಂತ ಹ್ಯಾಂಗ ನಂಬೂದು? ಬೇಡಾದವರಿಗೆ ಕೊಟ್ಟು ಬೇಕಾದವರಿಗೆ ಇಲ್ಲದಂಗ ಆಗೇತಿ ಅಂತ ನನ್ನ ಅನಿಸಿಕೆ.

ಹಿಂಗಾರಿ ಜೋಳ

ಅಣ್ಣಾವ್ರೇ, ಪ್ರಶ್ನೆ ಸರಿಯಾಗಿದೆ, ಎರಡು ಬೇರೆ ಸಂಗತಿಗಳನ್ನು ಬೇರ್ಪಡಿಸಿ ನೋಡಬೇಕು. ಗೋದಾಮಿನಿಂದ ಅಥವಾ ಅಂಗಡಿಯಿಂದ ಲೋಡುಗಟ್ಟಲೆ ಹೋಗುವುದು ಕಳ್ಳಸಾಗಣೆ, ಅದು ಬಡವರ ಕೈಗೆ ಬರುವ ಮೊದಲೇ ನಡೆಯುತ್ತದೆ. ಮನೆಯಿಂದ ಹತ್ತು ಕಿಲೋ ಹೋಗುವುದು ಬೇರೆಯೇ ಲೆಕ್ಕ.

ಆರು ಮಂದಿಯ ಮನೆಗೆ ತಲೆಗೆ 10 ಕೆ.ಜಿ.ಯಂತೆ 60 ಕೆ.ಜಿ. ಅಕ್ಕಿ ಬಂತು ಎನ್ನಿ. ಊಟ ಜೋಳದ ರೊಟ್ಟಿಯದು. ಬೇಳೆ, ಎಣ್ಣೆ, ಖಾರಪುಡಿ, ಗಿರಣಿ ಖರ್ಚು ಏನೂ ಆ ಅಕ್ಕಿಯ ಜೊತೆ ಬರುವುದಿಲ್ಲ. ಕೂಲಿ ಇಲ್ಲದ ವಾರ ಆ ಮನೆಯಾಕೆ ಅಕ್ಕಿ ಕೊಟ್ಟು ಜೋಳ, ತೊಗರಿಬೇಳೆ ತರುತ್ತಾಳೆ. ಪೇಟೆ ಬೆಲೆಗಿಂತ ಬಹಳ ಕಡಿಮೆಗೆ ಕೊಡಬೇಕಾಗುತ್ತದೆ, ಸಿಕ್ಕಿಬಿದ್ದರೆ ಕಾರ್ಡಿಗೇ ಕುತ್ತು. ಹೊಟ್ಟೆ ತುಂಬಿದವರು ಇಷ್ಟು ನಷ್ಟಕ್ಕೆ, ಇಷ್ಟು ಹೆದರಿಕೆಯಲ್ಲಿ ಮಾರುವುದಿಲ್ಲ. ಜೋಳ ಖರೀದಿಯಾದ ವರ್ಷ ಉತ್ತರ ಕರ್ನಾಟಕದಲ್ಲಿ ಕೆಲವು ತಿಂಗಳು ಅಕ್ಕಿಯ ಒಂದಿಷ್ಟು ಪಾಲಿನ ಬದಲು ಜೋಳ ಕೊಟ್ಟದ್ದುಂಟು. ಅದು ವರ್ಷವಿಡೀ ಆಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. 100 ಗ್ರಾಂ ಜೋಳದಲ್ಲಿ ಪ್ರೋಟೀನ್ ಸುಮಾರು 10 ಗ್ರಾಂ, ತೊಗರಿಬೇಳೆಯಲ್ಲಿ ಸುಮಾರು 22. ಹೆಚ್ಚುವರಿ ಅಕ್ಕಿಯ ಬದಲು ಬೇಳೆ, ಎಣ್ಣೆ, ಸಕ್ಕರೆ, ಉಪ್ಪಿನ ಕಿಟ್ ಕೊಡಲು 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ ಒಪ್ಪಿದ್ದರ ಹಿಂದೆಯೂ ಇದೇ ಲೆಕ್ಕವಿದೆ.

ಅಕ್ಕಿ ಮಾರುವ ಮನೆಯನ್ನು ಸಮೀಕ್ಷೆಯಲ್ಲಿ ದಾಟಿ ಮುಂದೆ ಹೋಗಬೇಡಿ. ಅಲ್ಲೇ ಕುಳಿತು ಎಂಟೂ ಪ್ರಶ್ನೆ ಕೇಳಿ.

ಮಗ್ಗದ ಓಣಿ, ರಬಕವಿ

ಹಳ್ಳಿ ಕೂಲಿಕಾರರ ಮಾತಾತು, ನೇಕಾರರ ಮಾತು ಯಾರೂ ಎತ್ತಲಿಲ್ಲ. ಬನಹಟ್ಟಿ, ಗುಳೇದಗುಡ್ಡ, ಇಳಕಲ್, ಬೆಳಗಾವಿಯ ವಡಗಾವಿ–ಖಾಸಬಾಗ ಎಲ್ಲಾ ಕಡೆ ಒಂದೇ ನಮೂನಿ. ಮನಿ ಆರ್‌ಸಿಸಿ ಇರತೈತಿ, ಒಳಗ ಎರಡು ಮಗ್ಗ. ನೋಡಿದವರು ಅನುಕೂಲಸ್ಥರು ಅಂತಾರ. ನೂಲು ಮಾಲೀಕನದು, ಮಗ್ಗದ ಮ್ಯಾಲ ಸಾಲ, ಮಜೂರಿ ಸೀರಿ ಲೆಕ್ಕದಾಗ. ನೂಲಿನ ದರ ಏರಿದಾಗ, ಸೀರಿ ಹೋಗದ ಆಷಾಢದಾಗ ಮಾಲೀಕ ಬೀಮು (ಮಗ್ಗಕ್ಕ ಹಾಕೂ ನೂಲು ಸುತ್ತಿದ ಉರುಳಿ) ಕೊಡೂದು ನಿಲ್ಲಿಸ್ತಾನ. ಮಗ್ಗ ನಿಂತ ದಿನದಿಂದ ಮಜೂರಿ ಶೂನ್ಯ. ಇವರು ಊಟ ಹಂಚೂ ಕಡೆ ಸಾಲಿನಾಗ ನಿಲ್ಲಂಗಿಲ್ಲ, ಕಿರಾಣಿ ಅಂಗಡ್ಯಾಗ ಉದ್ರಿ (ಸಾಲ) ಬರಸ್ತಾರ. ಅದಕ್ಕ ನೇಕಾರರ ಓಣ್ಯಾಗ ಕೊರತೆ ಅಳೀಬೇಕಂದ್ರ ಕಿರಾಣಿ ಉದ್ರಿ ಎಷ್ಟಾಗೇತಿ, ಯಾವ ತಿಂಗಳಿಂದ ಬೆಳದೈತಿ ಅಂತ ಕೇಳಬೇಕು. ಅದು ಎಲ್ಲಕ್ಕಿಂತ ನಿಖರ.

ಇನ್ನೊಂದು. ಮಗ್ಗದ ಸಾಲಕ್ಕ ಬ್ಯಾಂಕಿನವರು ಆದಾಯ ತೆರಿಗೆ ರಿಟರ್ನ್ ಕೇಳ್ತಾರ. ತೆರಿಗೆ ಒಂದು ರೂಪಾಯಿನೂ ಇರಂಗಿಲ್ಲ, ರಿಟರ್ನ್ ಮಾತ್ರ ಹಾಕಿರ್ತಾರ. ಅದರಿಂದ ಕಾರ್ಡ್ ಹ್ವಾದವರು ಅದಾರ. ಇದಕ್ಕ ದಾರಿ ಏನು?

ಕಡತ

ಆ ಪ್ರಶ್ನೆಗೆ ಉತ್ತರ. ಆದ್ಯತಾ ಕಾರ್ಡಿಗೆ ರಾಜ್ಯದ ಮಾನದಂಡ ಹೀಗಿದೆ: ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂಪಾಯಿ ಮೀರಬಾರದು, ಒಣಬೇಸಾಯದ ಜಮೀನು 3 ಹೆಕ್ಟೇರ್ ಅಥವಾ ಅದಕ್ಕೆ ಸಮನಾದ ನೀರಾವರಿ ಮೀರಬಾರದು, ನಗರದಲ್ಲಿ ಸ್ವಂತ ಪಕ್ಕಾ ಮನೆ 1,000 ಚದರಡಿ ಮೀರಬಾರದು, ಸ್ವಂತ ಬಳಕೆಯ ನಾಲ್ಕು ಚಕ್ರದ ವಾಹನ ಇರಬಾರದು, ಸರ್ಕಾರಿ ನೌಕರಿ ಮತ್ತು ಆದಾಯ ತೆರಿಗೆ ಕಟ್ಟುವವರು ಇರಬಾರದು. ಜೀವನೋಪಾಯಕ್ಕೆ ಓಡಿಸುವ ಒಂದು ಬಾಡಿಗೆ ವಾಹನ ಇದ್ದರೆ ಅಡ್ಡಿಯಿಲ್ಲ.

ರಿಟರ್ನ್ ಸಲ್ಲಿಸುವುದು ಬೇರೆ, ತೆರಿಗೆ ಕಟ್ಟುವುದು ಬೇರೆ. ಪಟ್ಟಿಗಳನ್ನು ಕಂಪ್ಯೂಟರಿನಲ್ಲಿ ಜೋಡಿಸಿ ನೋಡುವಾಗ ಎರಡೂ ಒಂದಾಗಿ ಕಾಣುತ್ತವೆ, ಗೊಂದಲ ಅಲ್ಲಿಂದ. 2024ರ ನವೆಂಬರಿನಲ್ಲಿ ಕಾರ್ಡ್‌ಗಳು ದೊಡ್ಡ ಪ್ರಮಾಣದಲ್ಲಿ ಬಿಪಿಎಲ್‌ನಿಂದ ಎಪಿಎಲ್‌ಗೆ ಬದಲಾದಾಗ ಗದ್ದಲವೆದ್ದು, ಸರ್ಕಾರಿ ನೌಕರರು ಮತ್ತು ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದವರ ಕಾರ್ಡ್ ಮರಳಿಸಲು ಸರ್ಕಾರ ಸೂಚಿಸಿತು. ಈಗ ಮಾಡಬೇಕಾದದ್ದು: ರಿಟರ್ನ್ ಸ್ವೀಕೃತಿಯಲ್ಲಿ "ಪಾವತಿಸಬೇಕಾದ ತೆರಿಗೆ" ಸೊನ್ನೆ ಇರುವ ಪುಟ, ನಾಡಕಚೇರಿಯ ಆದಾಯ ಪ್ರಮಾಣಪತ್ರ, ಸಾಲದ ಮಂಜೂರಾತಿ ಪತ್ರ, ಈ ಮೂರನ್ನು ಲಗತ್ತಿಸಿ ತಹಶೀಲ್ದಾರರ ಆಹಾರ ಶಾಖೆಗೆ ಬರಹದಲ್ಲಿ ಅರ್ಜಿ ಕೊಡಿ. ಸ್ವೀಕೃತಿ ಇಲ್ಲದೆ ಹೊರಬರಬೇಡಿ. ಬಾಯಿಮಾತಿನ ದೂರಿಗೆ ದಿನಾಂಕ ಇರುವುದಿಲ್ಲ, ದಿನಾಂಕ ಇಲ್ಲದ ದೂರನ್ನು ಮುಂದೆ ಒಯ್ಯಲು ಬರುವುದಿಲ್ಲ.

ಅಂಗಡಿಯ ಮೇಲಿನ ದೂರಿಗೆ 1967ಕ್ಕೆ ಕರೆ ಮಾಡಬಹುದು. ಅಲ್ಲಿಂದ ಸಿಕ್ಕ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಆಹಾರ ಭದ್ರತಾ ಕಾಯ್ದೆಯ ಪ್ರಕಾರ ಜಿಲ್ಲೆಗೊಬ್ಬ ಕುಂದುಕೊರತೆ ನಿವಾರಣಾಧಿಕಾರಿ ಇರಬೇಕು, ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ. ಬಹಳ ಜನಕ್ಕೆ ತಿಳಿಯದ ಇನ್ನೊಂದು ಸಂಗತಿ 8ನೇ ಕಲಮು: ಹಕ್ಕಿನ ಧಾನ್ಯ ಕೊಡದಿದ್ದರೆ ಸರ್ಕಾರ ಆಹಾರ ಭದ್ರತಾ ಭತ್ಯೆ ಕೊಡಬೇಕು. 2015ರ ನಿಯಮದಲ್ಲಿ ಅದನ್ನು ಬೆಂಬಲ ಬೆಲೆಯ 1.25 ಪಟ್ಟಿನ ಆಧಾರದ ಮೇಲೆ ಲೆಕ್ಕ ಹಾಕಿದ್ದಾರೆ. ಆದರೆ ನೀವು ಅಂಗಡಿಗೆ ಹೋಗಿದ್ದಿರಿ ಎಂಬುದಕ್ಕೆ ಗುರುತು ಬೇಕು. ಹೆಬ್ಬೆಟ್ಟು ಹೊಂದಲಿಲ್ಲ ಎಂದು ಯಂತ್ರ ಕೊಟ್ಟ ಚೀಟಿಯನ್ನು ಹರಿದು ಬಿಸಾಡದೆ ಇಟ್ಟುಕೊಳ್ಳಿ. ಆಧಾರ್ ಇಲ್ಲ, ಬೆರಳಚ್ಚು ಹೊಂದಲಿಲ್ಲ ಎಂಬ ಕಾರಣಕ್ಕೆ ಯಾರಿಗೂ ಧಾನ್ಯ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರ ಅಕ್ಟೋಬರಿನಲ್ಲೇ ರಾಜ್ಯಗಳಿಗೆ ಬರೆದಿದೆ. ದೂರಿನಲ್ಲಿ ಅದನ್ನು ಉಲ್ಲೇಖಿಸಿ.

ಹೊಸ ಕಾರ್ಡಿನ ತೊಡಕಿಗೆ ಮೂಲ ಕಾರಣ ಬೇರೆ. ಕಾಯ್ದೆಯ ವ್ಯಾಪ್ತಿ ಗ್ರಾಮೀಣ ಶೇ. 75, ನಗರ ಶೇ. 50ರವರೆಗೆ, ರಾಜ್ಯವಾರು ಸಂಖ್ಯೆ ನಿಂತಿರುವುದು 2011ರ ಜನಗಣತಿಯ ಮೇಲೆ. ಕರ್ನಾಟಕಕ್ಕೆ ಅದು ಸುಮಾರು 4.01 ಕೋಟಿ ಜನ. ಆಮೇಲೆ ಹುಟ್ಟಿದವರು, ಬೇರೆಯಾದ ಸಂಸಾರಗಳು ಆ ಸಂಖ್ಯೆಯೊಳಗೇ ಜಾಗ ಹುಡುಕಬೇಕು, ಇಲ್ಲವೇ ರಾಜ್ಯ ತನ್ನ ಹಣದಲ್ಲಿ ಕೊಡಬೇಕು.

ಅಂಗನವಾಡಿ ಕಡಿಂದ

ಮಕ್ಕಳ ವಿಷಯಕ್ಕ ಬರ್ರಿ ಅಕ್ಕಾರ, ಅಣ್ಣಾರ. ಮನಿ ಪಟ್ಟಿ ಮಾಡೂವಾಗ ಒಂದು ತೋಳಿನ ಪಟ್ಟಿನೂ ಒಯ್ರಿ. 6 ತಿಂಗಳಿಂದ 59 ತಿಂಗಳ ಕೂಸಿನ ಎಡಗೈ ರಟ್ಟಿ, ಭುಜ ಮತ್ತ ಮೊಣಕೈ ನಡುವ, ಕೈ ಸಡಲ ಬಿಟ್ಟಾಗ ಅಳೀಬೇಕು. 12.5 ಸೆಂ.ಮೀ.ಗಿಂತ ಕಡಿಮಿ ಇದ್ರ ಮಧ್ಯಮ, 11.5 ಸೆಂ.ಮೀ.ಗಿಂತ ಕಡಿಮಿ ಇದ್ರ ತೀವ್ರ ಅಪೌಷ್ಟಿಕತೆ. ಪಟ್ಟಿ ಬಿಗಿಯಾಗಿ ಎಳದ್ರ ಇಲ್ಲದ ರೋಗ ಕಾಣತೈತಿ, ಸಡಲ ಬಿಟ್ರ ಇದ್ದದ್ದು ಮುಚ್ಚಿಹೋಗತೈತಿ. ಎರಡೂ ಪಾದ ಮೂರು ಸೆಕೆಂಡ್ ಒತ್ತಿ ನೋಡ್ರಿ. ಕುಳಿ ಹಂಗ ಉಳದ್ರ ಬಾವು, ತೋಳಿನ ಅಳತಿ ಸರಿ ಇದ್ರೂ ಅದು ತೀವ್ರದ್ದೇ.

ಇಂಥ ಕೂಸಿಗೆ ಮನ್ಯಾಗ ಒಮ್ಮೆಲೇ ಹೊಟ್ಟಿ ತುಂಬ ತುಪ್ಪ-ಹೋಳಿಗಿ ತಿನಿಸೂದು ಅಪಾಯ. ಭಾಳ ದಿನ ಊಟ ಕಡಿಮಿ ಆದ ಮೈಗೆ ಒಮ್ಮೆಲೇ ಬಿದ್ರ ರಕ್ತದಾಗಿನ ಲವಣ ಏರುಪೇರಾಗಿ ಜೀವಕ್ಕ ಬರತೈತಿ. ಅದಕ್ಕ ಜಿಲ್ಲಾ ಆಸ್ಪತ್ರಿಯ ಪೌಷ್ಟಿಕ ಪುನಶ್ಚೇತನ ಕೇಂದ್ರದಾಗ ಎರಡು ವಾರ ಇಟ್ಟು, ಮೊದಲು ತೆಳ್ಳಗಿನ ಹಾಲಿನ ಆಹಾರ ಎರಡು-ಮೂರು ತಾಸಿಗೊಮ್ಮೆ, ಆಮ್ಯಾಲ ಗಟ್ಟಿ ಅಂತ ಏರಿಸ್ತಾರ. ತಾಯಂದಿರು ಹೋಗಾಕ ಒಪ್ಪದಿರೂದಕ್ಕ ಮುಖ್ಯ ಕಾರಣ ಮನ್ಯಾಗ ಉಳದ ಮಕ್ಕಳನ್ನ ನೋಡೋರು ಯಾರು ಅನ್ನೂದು. ಅದರ ವ್ಯವಸ್ಥಾ ಮೊದಲು ಮಾಡ್ರಿ, ಬುದ್ಧಿ ಹೇಳೂದು ಆಮ್ಯಾಲ.

ಬಸುರಿ-ಬಾಣಂತಿಯರಿಗಿ ಮಾತೃಪೂರ್ಣದಾಗ 2017ರ ಅಕ್ಟೋಬರದಿಂದ ತಿಂಗಳಿಗೆ 25 ದಿನ ಬಿಸಿ ಊಟ ಐತಿ. ರೂಢ್ಯಾಗ ತೊಂದರಿ ಅಂದ್ರ ಅಂಗನವಾಡಿತನಕ ನಡದು ಬರೂದು. ಹೊಲದಾಗ ಮನಿ ಮಾಡಿದವರು ಎರಡು ಕಿಲೋಮೀಟರ್ ಮಟ ಮಟ ಮಧ್ಯಾಹ್ನ ಬರಂಗಿಲ್ಲ. ಆ ಮನಿಗಳನ್ನ ನಿಮ್ಮ ಪಟ್ಟ್ಯಾಗ ಬ್ಯಾರೆ ಗುರುತು ಮಾಡ್ರಿ. ಹಂಗ ಕೂಸಿನ ಆಧಾರ್ ಇಲ್ಲ ಅಂತ ಅಂಗನವಾಡ್ಯಾಗ ವಾಪಸ್ ಕಳಸಂಗಿಲ್ಲ, ತಾಯಿದು ಇದ್ರ ದಾಖಲ್ ಆಗತೈತಿ.

ಬಿಸಿಯೂಟ

ಶಾಲೆಯ ಬಗ್ಗೆ ಚಿಕ್ಕದಾಗಿ. ಅಕ್ಷರ ದಾಸೋಹದ ಅಳತೆ ದಿನಕ್ಕೆ 1ರಿಂದ 5ನೇ ತರಗತಿಗೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. 6ನೇ ತರಗತಿಯಿಂದ ಮೇಲೆ 150, 30, 75. ಜೊತೆಗೆ ಕ್ಷೀರಭಾಗ್ಯದ ಹಾಲು, ಮೊಟ್ಟೆ, ಮೊಟ್ಟೆ ತಿನ್ನದವರಿಗೆ ಬಾಳೆಹಣ್ಣು. 2021ರ ಡಿಸೆಂಬರಿನಲ್ಲಿ ಮೊಟ್ಟೆ ಕೊಡಲು ಶುರುಮಾಡಿದ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು. ಸೋಮವಾರ ಹಾಜರಾತಿ ಮತ್ತು ಎರಡನೇ ಸಲ ಬಡಿಸಿಕೊಳ್ಳುವ ಮಕ್ಕಳ ಸಂಖ್ಯೆಯನ್ನು ಅಡುಗೆಯವರ ಹತ್ತಿರ ಕೇಳಿ. ಭಾನುವಾರ ಮನೆಯಲ್ಲಿ ಏನಿತ್ತು ಎನ್ನುವುದು ಅವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಏಪ್ರಿಲ್–ಮೇ ರಜೆಯಲ್ಲಿ ಈ ಊಟ ನಿಲ್ಲುತ್ತದೆ. ಬರಪೀಡಿತ ಎಂದು ಘೋಷಿಸಿದ ತಾಲೂಕುಗಳಲ್ಲಿ ಮಾತ್ರ ರಜೆಯಲ್ಲೂ ಮುಂದುವರಿಸಿದ್ದಿದೆ.

ಕಬ್ಬಿನ ದಾರಿ

ಗುಳೆ ಹೋಗೂವರ ಬಗ್ಗೆ ಕೇಳಿದ್ರಿ. ಇಂಡಿ, ಸಿಂದಗಿ ಕಡಿಂದ ಗ್ಯಾಂಗ್ ಹೋಗೂದು ಎರಡು ನಮೂನಿ. ಒಂದು ಮುಧೋಳ, ಜಮಖಂಡಿ, ಅಥಣಿ, ಚಿಕ್ಕೋಡಿ. ಇನ್ನೊಂದು ಕೊಲ್ಹಾಪುರ, ಸಾಂಗ್ಲಿ, ಸಾತಾರಾ. ರೇಷನ್ ಲೆಕ್ಕ ಎರಡಕ್ಕೂ ಬ್ಯಾರೆ.

ರಾಜ್ಯದೊಳಗ ಇದ್ರ ಯಾವುದೇ ನ್ಯಾಯಬೆಲೆ ಅಂಗಡ್ಯಾಗ ಪೂರ್ತಿ ಪಾಲು ತಗೋಬಹುದು. ಗಡಿ ದಾಟಿದ್ರ "ಒಂದು ದೇಶ ಒಂದು ಪಡಿತರ ಚೀಟಿ" ಪ್ರಕಾರ ಕೇಂದ್ರದ 5 ಕೆ.ಜಿ. ಅಷ್ಟೇ, ರಾಜ್ಯದ ಪಾಲು ಅಲ್ಲಿ ಸಿಗಂಗಿಲ್ಲ. ಕಾರ್ಡ್ ನಂಬರ್ ಇಲ್ಲಾ ಆಧಾರ್ ನಂಬರ್ ಹೇಳಿ, ಕಾರ್ಡಿನಾಗ ಹೆಸರಿದ್ದ ಒಬ್ಬರು ಬೆರಳು ಕೊಟ್ರ ಸಾಕು.

ಎಲ್ಲಿ ತಪ್ಪತೈತಿ ಅಂದ್ರ, ಪಾಲು ಕಾರ್ಡಿಗೆ ತಿಂಗಳಿಗೊಮ್ಮೆ. ಊರಾಗ ಉಳದ ಮುದುಕರು ಐದನೇ ತಾರೀಖಿಗೆ ಪೂರ್ತಿ ಎತ್ತಿದ್ರ ಸಾಂಗ್ಲ್ಯಾಗಿನವರಿಗೆ ಶೂನ್ಯ ತೋರಸತೈತಿ. ಭಾಗ ಮಾಡಿ ಎತ್ತಾಕ ಅವಕಾಶ ಐತಿ. ಹೋಗೂ ಮೊದಲ ಮನ್ಯಾಗ ಕುಂತು ಅಲ್ಲಿಯವರು ಎಷ್ಟು, ಇಲ್ಲಿಯವರು ಎಷ್ಟು ಅಂತ ಹಂಚಿಕೊಂಡು, ಅಂಗಡಿಯವರಿಗೂ ಅಷ್ಟೇ ಕೊಡ್ರಿ ಅಂತ ಹೇಳಬೇಕು.

ಎರಡನೇದು ದಾಸ್ತಾನು. ಅಂಗಡಿಗೆ ಅಲ್ಲಿಯ ಕಾರ್ಡ್ ಲೆಕ್ಕದಾಗ ಕಾಳು ಬರತೈತಿ. ಕಾರ್ಖಾನಿ ಶುರುವಾದ ತಿಂಗಳು ಒಮ್ಮೆಲೇ ಗ್ಯಾಂಗ್ ಬಂದ್ರ ಖಾಲಿ. ತಿಂಗಳ ಮೊದಲ ವಾರದಾಗ ಹೋಗಬೇಕು. ಆದ್ರ ಗ್ಯಾಂಗಿಗೆ ರಜಾ ಸಿಗೂದು ಸಂತಿ ದಿನ, ಅಂಗಡಿ ತೆಗೆಯೂದು ಇನ್ನೊಂದು ದಿನ. ಮುಕಾದಮನ (ಮುಂಗಡ ಕೊಟ್ಟು ಗ್ಯಾಂಗ್ ಒಯ್ಯೂ ಮೇಸ್ತ್ರಿ) ಕೂಡ ಮೊದಲೇ ಮಾತಾಡಿ ತಿಂಗಳಾಗ ಒಂದು ಹೊತ್ತು ಬಿಡಿಸಿಕೊಳ್ರಿ. ಮುಂಗಡ ತೀರೂತನಕ ಕೈಯಾಗ ಬರೂದು ಸಂತಿ ಖರ್ಚಿಗೆ ಕೊಟ್ಟ ರೊಕ್ಕ ಅಷ್ಟೇ, ಅದರಾಗ ಕಾಳೂ ಕೊಂಡ್ರ ಎಣ್ಣಿ-ಬ್ಯಾಳಿಗೆ ಏನೂ ಉಳಿಯಂಗಿಲ್ಲ. ಒಲಿಗೆ ರವದಿ (ಕಬ್ಬಿನ ಒಣ ಎಲಿ) ಸಿಗತೈತಿ, ಆದ್ರ ನಸುಕಿನ್ಯಾಗ ಎದ್ದು ಕಡ್ಯಾಕ ಹೋಗೂ ಹೆಣಮಗಳಿಗೆ ಎರಡು ಹೊತ್ತು ರೊಟ್ಟಿ ಬಡ್ಯಾಕ ಪುರಸೊತ್ತಿಲ್ಲ. ಸಂಜಿ ಉಳದದ್ದೇ ಮರದಿನ ಮಧ್ಯಾಹ್ನತನಕ.

ಕಾರ್ಡೇ ಇಲ್ಲದ ವಲಸೆ ಕಾರ್ಮಿಕರಿಗೂ ಒಣ ಪಡಿತರ ಕೊಡಬೇಕು, ಸಮುದಾಯ ಅಡುಗಿಮನಿ ನಡಸಬೇಕು ಅಂತ ಸುಪ್ರೀಂ ಕೋರ್ಟ್ 2021ರ ಜೂನ್‌ದಾಗ ತೀರ್ಪು ಕೊಟ್ಟೈತಿ. ಇ-ಶ್ರಮ (ಅಸಂಘಟಿತ ಕಾರ್ಮಿಕರ ಸರ್ಕಾರಿ ನೋಂದಣಿ) ಪಟ್ಟ್ಯಾಗ ಹೆಸರು ಇದ್ದವರಿಗೆ ರೇಷನ್ ಕಾರ್ಡ್ ಕೊಡ್ರಿ ಅಂತ ಆಮ್ಯಾಲೂ ಹೇಳೇತಿ. ತಾಂಡಾದಾಗ ಎಲ್ಲರ ಇ-ಶ್ರಮ ನೋಂದಣಿ ಮೊದಲು ಮಾಡಿಸ್ರಿ.

ಪಡಿಚೀಟಿ ಬಳಗ, ಇಂಡಿ

ಎಲ್ಲರ ಉತ್ತರ ಬಹಳ ಉಪಯೋಗಕ್ಕೆ ಬರುತ್ತದೆ. ಇನ್ನೂ ಎರಡು. ಅಕ್ಕಿಯಲ್ಲಿ "ಪ್ಲಾಸ್ಟಿಕ್ ಕಾಳು" ಇದೆ ಎಂದು ತಾಂಡಾದಲ್ಲಿ ಆರಿಸಿ ಚೆಲ್ಲುತ್ತಿದ್ದಾರೆ. ಮತ್ತು ತುರ್ತಾಗಿ ಕೊಡಬೇಕಾದ ಮನೆಗಳಿಗೆ ದಾನಿಗಳಿಂದ ಕಿಟ್ ಕೊಡುವುದಾದರೆ ಏನೇನು, ಎಷ್ಟೆಷ್ಟು?

ತಕ್ಕಡಿ

ಅದು ಪ್ಲಾಸ್ಟಿಕ್ ಅಲ್ಲರಿ, ಸಾರವರ್ಧಿತ ಕಾಳು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಕಲಸಿ ಕಾಳಿನ ಆಕಾರಕ್ಕ ತರ್ತಾರ. ನೂರು ಕಾಳಿಗೆ ಒಂದು ಬೆರಸ್ತಾರ. ಬಣ್ಣ ಸ್ವಲ್ಪ ಬ್ಯಾರೆ, ನೀರಿನ್ಯಾಗ ತೇಲತಾವ, ಅದಕ್ಕ ಸಂಶಯ. ಆರಿಸಿ ಚೆಲ್ಲಿದ್ರ ಕಬ್ಬಿಣವೆಲ್ಲ ಚೆಲ್ಲಿದಂಗ. ಹೇಳಿದ್ರ ನಂಬಂಗಿಲ್ಲ, ಅವರ ಮುಂದನ ಹತ್ತು ಕಾಳು ಆರಿಸಿ ಕುದಸಿ ಹಿಚುಕಿ ತೋರಸ್ರಿ, ಅನ್ನದಂಗ ಮೆತ್ತಗಾಗತೈತಿ. ಭಾಳ ಸಲ ತಿಕ್ಕಿ ತೊಳಿಬ್ಯಾಡ್ರಿ ಅಂತನೂ ಹೇಳ್ರಿ.

ಘಟಪ್ರಭಾ, ಗೋಕಾಕ

2019ರ ಆಗಸ್ಟಿನ ಪ್ರವಾಹದಲ್ಲಿ ಬೆಳಗಾವಿ, ಬಾಗಲಕೋಟೆಗೆ ಲಾರಿಗಟ್ಟಲೆ ನೆರವು ಬಂತು. ಬಿಸ್ಕೀಟು, ನೂಡಲ್ಸ್, ಹಳೇ ಬಟ್ಟೆ ರಾಶಿ ಬಿದ್ದವು, ಬೇಳೆ-ಎಣ್ಣೆ ಸಾಲಲಿಲ್ಲ. ಕಿಟ್ ಮಾಡುವ ಮುಂಚೆ ಲೆಕ್ಕ ಹಾಕಬೇಕು.

ಐದು ಮಂದಿ, ಹದಿನೈದು ದಿನ. ತಲೆಗೆ ದಿನಕ್ಕೆ 2,100 ಕ್ಯಾಲೊರಿ ಹಿಡಿದರೆ ಒಟ್ಟು 1,57,500. ಕಾರ್ಡಿನ ಅಕ್ಕಿ ತಲೆಗೆ 10 ಕೆ.ಜಿ. ಬರುತ್ತಿದ್ದರೆ ಅರ್ಧ ತಿಂಗಳಿಗೆ 25 ಕೆ.ಜಿ., ಅದರಿಂದ ಸುಮಾರು 89,000. ಉಳಿದದ್ದಕ್ಕೆ ಜೋಳ 7 ಕೆ.ಜಿ., ತೊಗರಿಬೇಳೆ 3 ಕೆ.ಜಿ., ಎಣ್ಣೆ 2 ಲೀಟರ್, ಶೇಂಗಾ 2 ಕೆ.ಜಿ., ಬೆಲ್ಲ 2 ಕೆ.ಜಿ. ಸೇರಿದರೆ ಸುಮಾರು 67,000 ಆಗುತ್ತದೆ, ಲೆಕ್ಕ ಕೂಡುತ್ತದೆ. ಮೇಲೆ ಅಯೋಡಿನ್ ಉಪ್ಪು 1 ಕೆ.ಜಿ., ಖಾರಪುಡಿ ಕಾಲು ಕಿಲೋ, ಅರಿಶಿನ, ಜೀರಿಗೆ, ಬೆಂಕಿಪೊಟ್ಟಣ, ಸೋಪು. ಇದು ಸಾಮಾನ್ಯ ಸರಾಸರಿ ಲೆಕ್ಕ. ಭಾರೀ ಕೆಲಸದವರಿದ್ದರೆ ಜೋಳ, ಶೇಂಗಾ ಏರಿಸಿ. ಕಾರ್ಡ್ ಇಲ್ಲದ ಮನೆಗೆ ಇದೇ ಕಿಟ್ ಕೊಟ್ಟರೆ ಅರ್ಧಕ್ಕೂ ಸಾಲದು, ಅಂಥಲ್ಲಿ 25 ಕೆ.ಜಿ. ಧಾನ್ಯ ಬೇರೆ ಸೇರಿಸಬೇಕು.

ಜೋಳವನ್ನು ಕಾಳಾಗಿಯೇ ಕೊಡಿ. ಹಿಟ್ಟು ಬೇಗ ಕಹಿಯಾಗುತ್ತದೆ, ಹಳೆಯ ಹಿಟ್ಟಿನ ರೊಟ್ಟಿ ತಟ್ಟಿದರೆ ಬಿರಿಯುತ್ತದೆ. ಕರೆಂಟ್ ಇಲ್ಲದ ಪ್ರವಾಹದ ಊರಿಗೆ ಮಾತ್ರ ಹಿಟ್ಟು, ಅದೂ ಒಂದು ವಾರಕ್ಕಾಗುವಷ್ಟು. ಒಲೆ, ಉರುವಲು, ಪಾತ್ರೆ ಇದೆಯೇ ಎಂದು ಕೇಳದೆ ಕಿಟ್ ಇಳಿಸಬೇಡಿ. ಸಂತೆ ನಡೆಯುತ್ತಿರುವ ಊರಿನಲ್ಲಿ ಕಿಟ್‌ಗಿಂತ ಹಣ ಒಳ್ಳೆಯದು, ಕೈಗೂಸು ಇರುವಾಕೆಗೆ ಏನು ಬೇಕೆಂದು ಆಕೆಗೇ ಗೊತ್ತು. ಹಂಚುವಾಗ ಫೋಟೊ ಬೇಡ. ಮಗ್ಗದ ಓಣಿಯವರು ಬರೆದದ್ದನ್ನು ನೆನಪಿಟ್ಟುಕೊಂಡು ಕತ್ತಲಾದ ಮೇಲೆ ಮನೆಗೇ ಮುಟ್ಟಿಸಿ.

ಮಲಪ್ರಭಾ ದಂಡಿ

ಅಕ್ಕಿ ಮಾರೂದರ ಬಗ್ಗೆ ಹಿಂಗಾರಿ ಅವರು ಹೇಳಿದ್ದು ವಿಚಾರ ಮಾಡೂವಂಥದ್ದು. ಲೋಡ್ ಹೊಡೆಯೂವರನ್ನ ಹಿಡೀಬೇಕು ಅನ್ನೂದು ಮಾತ್ರ ನಾ ಬಿಡಂಗಿಲ್ಲ. ಅಂಗಡಿ ಮುಂದ ದಾಸ್ತಾನಿನ ಫಲಕ, ದಿನಾ ಬರದದ್ದು, ಜಾಗೃತ ಸಮಿತಿಯವರು ನೋಡ್ತಾರೋ ಇಲ್ಲೋ ಅದನ್ನೂ ನಿಮ್ಮ ಪಟ್ಟ್ಯಾಗ ಒಂದು ಕಾಲಂ ಮಾಡ್ರಿ. ಯಂತ್ರದ ಚೀಟಿ ಕೊಡ್ತಾರೇನು, ಚೀಟ್ಯಾಗಿನ ಕಿಲೋ ಮತ್ತ ಚೀಲದಾಗಿನ ಕಿಲೋ ಒಂದೇ ಐತೇನು ಅಂತ ಹತ್ತು ಮನ್ಯಾಗ ತೂಗಿ ನೋಡ್ರಿ.

ಕಬ್ಬಿನ ದಾರಿ

ಪಡಿಚೀಟಿ ಬಳಗಕ್ಕ ಇನ್ನೊಂದು. ಗುಳೆ ಹೋಗೂ ಪ್ರತಿ ಮನಿಗೆ ಒಂದು ರಟ್ಟಿನ ಚೀಟಿ ಮಾಡಿ ಕೊಡ್ರಿ, ಮೊಬೈಲ್ ಕಳೆದ್ರೂ ಅದು ಇರತೈತಿ. ಅದರಾಗ ಕಾರ್ಡ್ ನಂಬರ್, ಕಾರ್ಡಿನಾಗ ಎಷ್ಟು ಮಂದಿ, ಹೋಗೂವರು ಎಷ್ಟು, ತಿಂಗಳಿಗೆ ಅಲ್ಲಿ ಎತ್ತಬೇಕಾದ ಕಿಲೋ ಎಷ್ಟು, ಬೆರಳು ಚಲೋ ಹೊಂದೂದು ಯಾರದು ಮತ್ತ ಯಾವ ಬೆರಳು. ಐದು ವರ್ಷದೊಳಗಿನ ಕೂಸು ಇದ್ರ ತೋಳಿನ ಅಳತಿ, ಅಳತಿ ಮಾಡಿದ ತಾರೀಖು, ಇಲ್ಲಿಯ ಅಂಗನವಾಡಿ ಹೆಸರು. ಬಸುರಿ ಇದ್ರ ತಾಯಿ ಕಾರ್ಡಿನ ನಂಬರ್. ಕೆಳಗ 1967, ಮತ್ತ ಬ್ಯಾರೆ ರಾಜ್ಯದಾಗ ರೇಷನ್ ಸಿಗಲಿಲ್ಲಂದ್ರ 14445. ಮಹಾರಾಷ್ಟ್ರಕ್ಕ ಹೋಗೂವರಿಗೆ ಹಿಂದಿನ ಬದಿಗೆ ಇಷ್ಟನ್ನೇ ಮರಾಠಿಯೊಳಗ ಬರಸ್ರಿ. ಅಂಗಡಿಯವ ಓದಿದ್ರ ಕೆಲಸ ಅರ್ಧ ಆದಂಗ.